ಟವೆಲ್ ಯಾರು ಹಾಕಿದರು, ಎಲ್ಲಿ ಹಾಕಿದರು

ತಮ್ಮಾ, ತಂಗೀ,

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಕಾಲೇಜುಗಳಲ್ಲಿ ಡಿಗ್ರಿ ಮುಗಿಸಿ, ಹುಬ್ಬಳ್ಳಿಗೋ ಬೆಂಗಳೂರಿಗೋ ಕೆಲಸ ಹುಡುಕಿಕೊಂಡು ಹೊರಟಿರುವ ನಿಮಗೆ ಒಂದು ಮಾತು ಹೇಳಬೇಕಾಗಿದೆ. ನಿಮ್ಮ ಬ್ಯಾಗಿನಲ್ಲಿ ಒಂದು ತೆಳ್ಳನೆಯ ಪುಸ್ತಕ ಇರುತ್ತದೆ, ಇಲ್ಲವೇ ಫೋನಿನಲ್ಲಿ ಯಾರೋ ಕಳಿಸಿದ ಪಿಡಿಎಫ್ ಇರುತ್ತದೆ. ಇಂಟರ್‌ವ್ಯೂಗೆ ಬೇಕಾಗುವ ಇಂಗ್ಲಿಷ್ ನುಡಿಗಟ್ಟುಗಳು. ಎಡಕ್ಕೆ ಇಂಗ್ಲಿಷು, ಬಲಕ್ಕೆ ಕನ್ನಡ ಅರ್ಥ. ಎಡಕ್ಕೆ 'ಕಿಕ್ ದ ಬಕೆಟ್', ಬಲಕ್ಕೆ 'ಸಾಯು'. ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ತುಟಿ ಅಲ್ಲಾಡಿಸುತ್ತ ಅದನ್ನು ಬಾಯಿಪಾಠ ಮಾಡುವ ಮಕ್ಕಳನ್ನು ನೋಡಿದಾಗ ನನಗೆ ಅಭಿಮಾನ ಉಕ್ಕುತ್ತದೆ. ಮನೆಯಲ್ಲಿ ಇಂಗ್ಲಿಷಿನ ಗಂಧಗಾಳಿ ಇಲ್ಲದೆ ಬೆಳೆದವರು ನೀವು. ಇಷ್ಟು ಕಷ್ಟಪಟ್ಟು ಕಲಿಯುತ್ತೀರಿ. ಆ ಕಷ್ಟ ವ್ಯರ್ಥವಾಗಬಾರದು ಅನ್ನುವ ಕಾಳಜಿಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಆ ಪಟ್ಟಿ ನಿಮ್ಮನ್ನು ಅರ್ಧ ದಾರಿಗೆ ಕೈಬಿಡುತ್ತದೆ.

ಹೇಗೆ ಅನ್ನುತ್ತೀರಾ? ನಮ್ಮ ಕಡೆ ಯಾರಾದರೂ ತೀರಿಕೊಂಡರೆ ನಾವು ಏನೇನು ಅನ್ನುತ್ತೇವೆ ನೆನೆಸಿಕೊಳ್ಳಿ. ಊರ ಹಿರಿಯರು ಹೋದರೆ 'ತೀರಿಕೊಂಡರು'. ಮಠದ ಅಜ್ಜನವರು ಹೋದರೆ 'ಲಿಂಗೈಕ್ಯರಾದರು'. ಅಂತ್ಯಕ್ರಿಯೆಗೆ ಹೋಗಿ ಬಂದವರು 'ಮಣ್ಣಿಗೆ ಹೋಗಿದ್ದೆ' ಅನ್ನುತ್ತಾರೆ. ಬೇಡವಾದವನೊಬ್ಬ ಹೋದ ಸುದ್ದಿಯನ್ನು ಚಹಾದಂಗಡಿಯಲ್ಲಿ ಹೇಳುವವನು 'ಗೊಟಕ್ ಅಂದ' ಅನ್ನಬಹುದು. ಅರ್ಥಕೋಶ ಬರೆಯುವವನು ಇವೆಲ್ಲದರ ಮುಂದೆಯೂ 'ಸಾಯು' ಎಂದು ಬರೆದು ಮುಗಿಸಿಯಾನು. ಆದರೆ ಸಾವಿನ ಮನೆಯ ಪಡಸಾಲೆಯಲ್ಲಿ ಕುಳಿತು 'ಗೊಟಕ್' ಅಂದವನನ್ನು ಊರು ಬಹುಕಾಲ ನೆನಪಿಟ್ಟುಕೊಳ್ಳುತ್ತದೆ. 'ಕಿಕ್ ದ ಬಕೆಟ್' ಇಂಗ್ಲಿಷಿನ 'ಗೊಟಕ್'. ಫ್ರಾನ್ಸಿಸ್ ಗ್ರೋಸ್ ಎಂಬಾತ 1785ರಲ್ಲಿ ಲಂಡನ್ನಿನಲ್ಲಿ ಬೀದಿಮಾತಿನ ನಿಘಂಟೊಂದನ್ನು ಅಚ್ಚು ಹಾಕಿಸಿದ. ಸಿಪಾಯಿಗಳು, ನಾವಿಕರು, ಕಳ್ಳಕಾಕರು ಆಡುವ ಮಾತುಗಳ ನಿಘಂಟು ಅದು. ಈ ನುಡಿಗಟ್ಟು ಅದರಲ್ಲಿದೆ. ಹುಟ್ಟಿದಂದಿನಿಂದ ಇದು ಲಘುವಾದ ಮಾತು, ಇಂದಿಗೂ ಲಘುವಾದ ಮಾತೇ. ತಾಯಿಯನ್ನು ಕಳೆದುಕೊಂಡ ಮ್ಯಾನೇಜರಿಗೆ ಸಂತಾಪದ ಇಮೇಲ್ ಬರೆಯುವಾಗ ನಿಮ್ಮ ಪಟ್ಟಿಯ ಈ ಸಾಲು ನೆನಪಾದರೆ ಏನಾದೀತು, ಯೋಚಿಸಿ.

ಆದ್ದರಿಂದ ನನ್ನ ಮಾತು ಇಷ್ಟು. ನುಡಿಗಟ್ಟು ಕಲಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಅದರ ಅರ್ಥವೊಂದನ್ನೇ ಕೇಳಿ ಸುಮ್ಮನಾಗಬೇಡಿ. ಅದು ಯಾರ ದುಡಿಮೆಯಲ್ಲಿ ಹುಟ್ಟಿತು, ಅದನ್ನು ಯಾರು ಯಾರಿಗೆ ಹೇಳುತ್ತಾರೆ ಅನ್ನುವುದನ್ನೂ ಕೇಳಿ. ಇದು ದೊಡ್ಡ ವಿದ್ವಾಂಸರು ಮಾತ್ರ ಮಾಡುವ ಕೆಲಸ ಎಂದುಕೊಳ್ಳಬೇಡಿ. ನುಡಿಗಟ್ಟು ಹೇಗೆ ಹುಟ್ಟುತ್ತದೆ ಅನ್ನುವುದನ್ನು ನಿಮ್ಮಷ್ಟು ಹತ್ತಿರದಿಂದ ನೋಡಿದವರು ಕಡಿಮೆ. ನೀವು ಪೇಟೆ ಊರುಗಳ ಮಕ್ಕಳು.

ಸೋಮವಾರವೋ ಗುರುವಾರವೋ ಬ್ಯಾಡಗಿ ಎಪಿಎಂಸಿಯೊಳಕ್ಕೆ ಕಾಲಿಟ್ಟು ನೋಡಿ. ಹಂಗಾಮಿನಲ್ಲಿ ಗೇಟು ದಾಟುವ ಮೊದಲೇ ಘಾಟು ಮೂಗಿಗೆ ಹೊಡೆಯುತ್ತದೆ, ಕೆಮ್ಮು ಬರುತ್ತದೆ. ಗುಡ್ಡೆಗಟ್ಟಲೆ ಮೆಣಸಿನಕಾಯಿ ಚೀಲ. ಕುಳ್ಳಗೆ, ದಪ್ಪಗೆ, ಸುಕ್ಕುಗಟ್ಟಿದ್ದು ಡಬ್ಬಿ. ಉದ್ದಕ್ಕೆ, ಸಣ್ಣಗಿದ್ದದ್ದು ಕಡ್ಡಿ. ಖರೀದಿದಾರ ಚೀಲದ ಬಾಯಿಯಲ್ಲಿ ಕಾಣುವ ಕಾಯಿಯನ್ನು ನಂಬುವುದಿಲ್ಲ. ಮೊಣಕೈತನಕ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಾನೆ. ಒಂದು ಕಾಯಿಯನ್ನು ಮುರಿದು ಬೀಜ ನೋಡುತ್ತಾನೆ, ಮೂಸುತ್ತಾನೆ, ಸಿಪ್ಪೆಯನ್ನು ಬೆರಳಲ್ಲಿ ಉಜ್ಜಿ ಬಣ್ಣ ನೋಡುತ್ತಾನೆ. ಬಣ್ಣದ್ದೇ ಇಲ್ಲಿ ಬೆಲೆ. ಖಾರ ಕಡಿಮೆ, ಕೆಂಪು ಹೆಚ್ಚು. ಆ ಕೆಂಪನ್ನು ತೆಗೆದು ತಿನಿಸಿಗೂ ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ. 2011ರಲ್ಲಿ ನಮ್ಮ ಈ ಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು.

ಆ ಅಂಗಳದಲ್ಲಿ ಕಿವಿಗೆ ಬೀಳುವ ಮಾತುಗಳನ್ನು ಒಂದೊಂದಾಗಿ ಹಿಡಿದು ನೋಡಿ. ದಲಾಲ, ಹಮಾಲ: ಎರಡೂ ಅರಬ್ಬಿಯಿಂದ ಬಂದವು. ಲಾಟು: ಇಂಗ್ಲಿಷಿನದು. ಸವಾಲು: ಅರಬ್ಬಿಯಲ್ಲಿ ಪ್ರಶ್ನೆ, ನಮ್ಮ ಪೇಟೆಯಲ್ಲಿ ಕೂಗಿ ಬೆಲೆ ಏರಿಸುತ್ತಿದ್ದುದು. ಲಿಲಾವು: ಪೋರ್ಚುಗೀಸರ ಮಾತು. ಇದನ್ನು ಕೇಳಿದಾಗಲೆಲ್ಲ ನನಗೆ ಬೆರಗು. ಯಾಕೆಂದರೆ ಮೆಣಸಿನಕಾಯಿಯೂ ನಮ್ಮದಲ್ಲ. ಅದು ಅಮೆರಿಕ ಖಂಡದ ಬೆಳೆ, ಪೋರ್ಚುಗೀಸರ ಹಡಗಿನಲ್ಲಿ ಈ ಕಡೆ ಬಂದದ್ದು. ಅದಕ್ಕೂ ಮೊದಲು ನಮ್ಮ ಅಡುಗೆಯ ಖಾರ ಕರಿಮೆಣಸಿನದು, ಅದಕ್ಕೇ ಹೊಸ ಕಾಯಿಗೆ ಮೆಣಸಿನ ಹೆಸರನ್ನೇ ಕೊಟ್ಟರು. ಕಾಯಿಯನ್ನು ತಂದವರ ಮಾತಿನಲ್ಲೇ ಆ ಕಾಯಿ ಲಿಲಾವಾಗುತ್ತ ಬಂದಿತ್ತು. 'ಲಾಟು ಎಷ್ಟಕ್ಕ ಹೋತಪಾ?' ಎಂದು ನಿಮ್ಮ ಅಪ್ಪ ಕೇಳುವ ಒಂದು ಪ್ರಶ್ನೆಯಲ್ಲಿ ಎರಡು ಭಾಷೆ ಕೂಡಿವೆ, ಯಾರಿಗೂ ಹೊರಗಿನದು ಅನ್ನಿಸುವುದಿಲ್ಲ.

ಇನ್ನು ಹಾವೇರಿಯ ದನದ ಸಂತೆಗೆ ಬನ್ನಿ. ಹೋರಿಯ ಹಲ್ಲು ನೋಡಿ ಆಯಿತು, ಸುಳಿ ನೋಡಿ ಆಯಿತು, ನಡೆಸಿ ನೋಡಿದ್ದೂ ಆಯಿತು. ದಲಾಲ ಹೆಗಲ ಮೇಲಿನ ಟವೆಲ್ ತೆಗೆದು ತನ್ನ ಕೈ ಮೇಲೂ ಕೊಳ್ಳುವವನ ಕೈ ಮೇಲೂ ಹಾಸುತ್ತಾನೆ. ಟವೆಲಿನ ಕೆಳಗೆ ಬೆರಳು ಬೆರಳನ್ನು ಹಿಡಿಯುತ್ತದೆ. ಎಷ್ಟು ಬೆರಳು, ಯಾವ ಗಿಣ್ಣು ಅನ್ನುವುದರಲ್ಲಿ ಬೆಲೆ ಇದೆ. ಸುತ್ತ ಮಂದಿ ಮುಗಿಬಿದ್ದಿದ್ದರೂ ಒಬ್ಬರಿಗೂ ತಿಳಿಯದು. ಮಾತಿನಲ್ಲೇ ಬೆಲೆ ಹೇಳಬೇಕಾದಾಗ ಅವರಲ್ಲೇ ಬಳಕೆಯಲ್ಲಿರುವ ಅಂಕಿಯ ಹೆಸರುಗಳಿವೆ, ಶಾಲೆಯ ಮಗ್ಗಿಯಲ್ಲಿ ಅವು ಸಿಗುವುದಿಲ್ಲ. ಇದೇ ಸ್ಲ್ಯಾಂಗ್. ಪುಸ್ತಕದಲ್ಲಿ ಅದಕ್ಕೆ ಏನೇನೋ ವ್ಯಾಖ್ಯೆ ಓದಿರುತ್ತೀರಿ. ಸ್ಲ್ಯಾಂಗ್ ಎಂಬುದು ಬಾಗಿಲಿರುವ ಮಾತು. ಒಳಗಿನವರಿಗೆ ತೆರೆದಿರುತ್ತದೆ, ಹೊರಗಿನವರಿಗೆ ಮುಚ್ಚಿರುತ್ತದೆ. ಒಳಗೆ ಒಂದು ದಿನವೂ ಕೆಲಸ ಮಾಡದವನು ಆ ಮಾತನ್ನು ಆಡಿದರೆ ದಲಾಲರು ಅವನ ಮುಖವನ್ನೇ ನೋಡುತ್ತಾರೆ. ಬೇರೆ ದೇಶದ ಹುಡುಗರ ರೀಲ್ಸ್ ನೋಡಿ ಕಲಿತ ಮಾತನ್ನು ನೀವು ಆಫೀಸಿನಲ್ಲಿ ಆಡಿದಾಗಲೂ ಆಗುವುದು ಅದೇ.

ಟವೆಲಿನ ಮಾತು ಬಂತು, ಅದನ್ನೇ ಇನ್ನೂ ಸ್ವಲ್ಪ ಬಿಚ್ಚುತ್ತೇನೆ. ರಾಣೇಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಜಾತ್ರೆ ಸಮಯದ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಬೀಳುತ್ತದೆ. ಬಾಗಿಲಲ್ಲಿ ನೂಕಾಡಿ ಒಳಗೆ ಹೋದವನು ಆ ಸೀಟಿನಲ್ಲಿ ಕೂರುವಂತಿಲ್ಲ. 'ಟವೆಲ್ ಹಾಕೇವ್ರಿ' ಅಂದರೆ ಮುಗಿಯಿತು. ಆ ಬಸ್ಸಿನ ಟವೆಲ್ ಈಗ ವಿಧಾನಸೌಧಕ್ಕೆ ಹೋಗಿದೆ. ಮಂತ್ರಿಗಿರಿಗೆ ಇಂಥವರು ಟವೆಲ್ ಹಾಕಿದ್ದಾರೆ ಎಂದು ಪತ್ರಿಕೆಗಳು ಬರೆದರೆ ಕರ್ನಾಟಕದ ಯಾವ ಓದುಗನಿಗೂ ವಿವರಣೆ ಬೇಕಿಲ್ಲ: ಆ ಕುರ್ಚಿ ತಮಗೇ ಎಂದು ಹಕ್ಕು ಸಾಧಿಸಿದ್ದಾರೆ ಎಂದರ್ಥ. ಇದನ್ನು ಹಾಗೆಯೇ ಇಂಗ್ಲಿಷಿಗೆ ಎತ್ತಿಟ್ಟು ನೋಡಿ. ಇಂಗ್ಲಿಷಿನಲ್ಲಿ 'ಥ್ರೋ ಇನ್ ದ ಟವೆಲ್' ಅಂದರೆ ಸೋಲು ಒಪ್ಪಿಕೊಳ್ಳುವುದು. ಅದು ಬಾಕ್ಸಿಂಗ್ ಕಣದ ಮಾತು. ತಮ್ಮ ಆಳು ಇನ್ನು ಹೊಡೆತ ತಾಳಲಾರ ಎಂದು ಕಂಡಾಗ ಮೂಲೆಯಲ್ಲಿರುವ ಅವನ ಕಡೆಯವರು ಕಣದೊಳಕ್ಕೆ ಟವೆಲ್ ಎಸೆಯುತ್ತಾರೆ, ಆಟ ನಿಲ್ಲುತ್ತದೆ. ಅದಕ್ಕೂ ಮೊದಲು ಮುಖ ಒರೆಸುವ ಸ್ಪಂಜನ್ನು ಎಸೆಯುತ್ತಿದ್ದರು, ನುಡಿಗಟ್ಟೂ ಆಗ ಸ್ಪಂಜಿನದೇ ಆಗಿತ್ತು. ನಮ್ಮಲ್ಲಿ ಟವೆಲ್ ಹಾಕಿದವನು ಗೆಲ್ಲಲು ಹೊರಟವನು, ಅಲ್ಲಿ ಟವೆಲ್ ಎಸೆದವನು ಸೋತವನು, ಹಾವೇರಿ ಸಂತೆಯಲ್ಲಿ ಟವೆಲ್ ಹಾಸಿದವನು ಬೆಲೆ ಮುಚ್ಚಿಟ್ಟವನು. ಬಟ್ಟೆ ಒಂದೇ. ಬಸ್ಸು, ಬಾಕ್ಸಿಂಗ್, ದನದ ಸಂತೆ ಮೂರನ್ನೂ ಬಲ್ಲವನಿಗೆ ಗೊಂದಲವೇ ಇಲ್ಲ. ಪಟ್ಟಿ ಓದಿದವನಿಗೆ ಮೂರೂ ಗೊಂದಲ.

ಇಂಗ್ಲಿಷಿನ ಎಷ್ಟೋ ನುಡಿಗಟ್ಟುಗಳು ಹೀಗೆ ದುಡಿಯುವವರ, ಆಡುವವರ ಕೈಯಲ್ಲಿ ಹುಟ್ಟಿದವು. ಹೊಸ ಕೆಲಸದ ಒಳಹೊರಗು ಕಲಿಯುವುದಕ್ಕೆ 'ಲರ್ನಿಂಗ್ ದ ರೋಪ್ಸ್' ಅನ್ನುತ್ತಾರೆ. ಹಾಯಿ ಹಡಗಿನಲ್ಲಿ ಲೆಕ್ಕವಿಲ್ಲದಷ್ಟು ಹಗ್ಗ, ಒಂದೊಂದಕ್ಕೂ ಒಂದೊಂದು ಕೆಲಸ. ಕತ್ತಲಲ್ಲಿ, ಬಿರುಗಾಳಿಯಲ್ಲಿ ತಪ್ಪು ಹಗ್ಗ ಎಳೆದರೆ ಹಡಗೇ ಹೋದೀತು. ಸಲೀಸಾಗಿ ಗೆದ್ದರೆ 'ಹ್ಯಾಂಡ್ಸ್ ಡೌನ್'. ಕುದುರೆ ಜೂಜಿನಲ್ಲಿ ಬಹಳ ಮುಂದಿರುವ ಸವಾರ ಲಗಾಮಿನ ಕೈ ಸಡಿಲಿಸಿ ಕೆಳಗಿಳಿಸಿಯೇ ಗುರಿ ದಾಟುತ್ತಾನಲ್ಲ, ಅದು. ನೋಡದೆ ಕೊಳ್ಳುವುದಕ್ಕೆ 'ಪಿಗ್ ಇನ್ ಎ ಪೋಕ್'. ಪೋಕ್ ಅಂದರೆ ಚೀಲ. ಹಳೆಯ ಕಾಲದ ಸಂತೆಯಲ್ಲಿ ಹಂದಿಮರಿಯನ್ನು ಚೀಲದಲ್ಲಿ ಕಟ್ಟಿ ಮಾರುತ್ತಿದ್ದರು, ಬಾಯಿ ಬಿಚ್ಚಿಸಿ ನೋಡದವನು ಮೋಸ ಹೋಗುತ್ತಿದ್ದ. ಬ್ಯಾಡಗಿಯ ಖರೀದಿದಾರ ಮೊಣಕೈತನಕ ಕೈ ಇಳಿಸುವುದು ಯಾಕೆಂದು ಗೊತ್ತಿರುವ ನಿಮಗೆ ಈ ಮಾತನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ.

ಕ್ರಿಕೆಟ್ಟಿನದು ನಿಮಗೆ ಹೇಳಿಕೊಡಬೇಕೆ? ಆದರೂ ಒಂದು ಹೇಳುತ್ತೇನೆ, ಯಾಕೆಂದರೆ ಅದರ ಹುಟ್ಟು ಈಗಿನ ಆಟದಲ್ಲಿ ಕಾಣುವುದಿಲ್ಲ. ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿರುವುದಕ್ಕೆ 'ಸ್ಟಿಕಿ ವಿಕೆಟ್' ಅನ್ನುತ್ತಾರೆ. ಹಿಂದೆ ಪಿಚ್ಚಿಗೆ ಹೊದಿಕೆ ಹಾಕುತ್ತಿರಲಿಲ್ಲ. ಮಳೆ ಬಿದ್ದು, ಆಮೇಲೆ ಬಿಸಿಲು ಬಿದ್ದರೆ ಮೇಲಿನ ಮಣ್ಣು ಅಂಟಂಟಾಗಿ ಆರತೊಡಗುತ್ತದೆ. ಅಂಥ ಪಿಚ್ಚಿನಲ್ಲಿ ಚೆಂಡು ಒಂದು ಸಲ ಎದೆಗೆ ಎದ್ದರೆ ಇನ್ನೊಂದು ಸಲ ಕಾಲಬಳಿಯೇ ಕೂತುಬಿಡುತ್ತದೆ. ಎರೆಹೊಲದಲ್ಲಿ ಮಳೆಯ ಮರುದಿನ ನಡೆದವರಿಗೆ ಆ ಅಂಟು ಕಾಲಿಗೇ ಗೊತ್ತು.

ಈಗ ಒಂದು ಎಚ್ಚರಿಕೆ. ಹುಟ್ಟು ಹುಡುಕಲು ಹೊರಟರೆ ಕಟ್ಟುಕಥೆಗಳು ನಿಮ್ಮನ್ನು ಮುತ್ತಿಕೊಳ್ಳುತ್ತವೆ. ಜೋರು ಮಳೆಗೆ 'ಕ್ಯಾಟ್ಸ್ ಅಂಡ್ ಡಾಗ್ಸ್' ಅನ್ನುತ್ತಾರಲ್ಲ, ಅದಕ್ಕೆ ಒಂದು ಕಥೆ ಊರೆಲ್ಲ ಓಡಾಡುತ್ತಿದೆ: ಹಿಂದೆ ಇಂಗ್ಲೆಂಡಿನಲ್ಲಿ ಹುಲ್ಲಿನ ಮಾಡಿನ ಮೇಲೆ ನಾಯಿ ಬೆಕ್ಕು ಮಲಗುತ್ತಿದ್ದವು, ಮಳೆ ಬಂದಾಗ ಜಾರಿ ಬೀಳುತ್ತಿದ್ದವು ಎಂದು. ಇದು 1999ರ ಸುಮಾರಿಗೆ ಇಮೇಲಿನಲ್ಲಿ ಹರಿದಾಡಿದ ಕಥೆ. ನುಡಿಗಟ್ಟೋ, ಜೋನಾಥನ್ ಸ್ವಿಫ್ಟ್ 1738ರಲ್ಲೇ ಬಳಸಿದ್ದು. ಅದರ ನಿಜವಾದ ಹುಟ್ಟು ವಿದ್ವಾಂಸರಿಗೂ ಸಿಕ್ಕಿಲ್ಲ. ಹುಲ್ಲು ಮಾಡಿನ ಮನೆ ಕಂಡ ನಮ್ಮ ಹಳ್ಳಿಯ ಅಜ್ಜಿಯನ್ನು ಕೇಳಿದ್ದರೆ ಸಾಕಿತ್ತು, ಮಳೆ ಬರುವಾಗ ಯಾವ ನಾಯಿಯಾದರೂ ಮಾಡಿನ ಮೇಲೆ ಹೋಗಿ ಮಲಗುತ್ತದೆಯೇ?

ಹಾಗಿದ್ದರೆ ನಂಬುವುದು ಯಾವುದನ್ನು? 'ಓಕೆ' ಎಂಬ ಮಾತಿನ ಕಥೆ ಕೇಳಿ. ದಿನಕ್ಕೆ ಎಷ್ಟು ಸಲ ಅನ್ನುತ್ತೀರೋ. ಅದಕ್ಕೂ ನೂರೆಂಟು ಕಥೆ ಇದ್ದವು. ಕೊಲಂಬಿಯಾ ವಿಶ್ವವಿದ್ಯಾಲಯದ ಅಲೆನ್ ವಾಕರ್ ರೀಡ್ ಎಂಬ ಪ್ರಾಧ್ಯಾಪಕರು ಹಳೆಯ ಪತ್ರಿಕೆಗಳ ಪುಟಗಳನ್ನು ಜಾಲಾಡಿ 1960ರ ದಶಕದಲ್ಲಿ ಅದರ ಬೇರು ತೋರಿಸಿದರು. 1839ರ ಮಾರ್ಚ್ 23ರ ಬೋಸ್ಟನ್ ಪತ್ರಿಕೆಯೊಂದರಲ್ಲಿ ಅದು ಅಚ್ಚಾಗಿದೆ. ಆ ಕಾಲದಲ್ಲಿ ಅಲ್ಲಿನ ಪತ್ರಿಕೆಯವರಿಗೆ ಬೇಕೆಂದೇ ಕಾಗುಣಿತ ಕೆಡಿಸಿ ಮೊದಲಕ್ಷರ ಬರೆಯುವ ಹುಚ್ಚು. 'ಆಲ್ ಕರೆಕ್ಟ್' ಎಂಬುದನ್ನು 'ಓಲ್ ಕೊರೆಕ್ಟ್' ಮಾಡಿ ಓ.ಕೆ. ಎಂದರು. ಮರುವರ್ಷದ ಚುನಾವಣೆಯಲ್ಲಿ ಅಧ್ಯಕ್ಷ ವ್ಯಾನ್ ಬ್ಯೂರೆನ್‌ನ ಅಡ್ಡಹೆಸರಿನ ಅಕ್ಷರಗಳೂ ಅವೇ ಆಗಿದ್ದರಿಂದ ಮಾತು ನಿಂತುಬಿಟ್ಟಿತು. ಕಥೆ ಚೆನ್ನಾಗಿದೆಯೇ ಎಂದು ರೀಡ್ ಕೇಳಲಿಲ್ಲ. ಮೊದಲು ಎಲ್ಲಿ ಬರೆದರು, ಯಾವ ತಾರೀಖು ಎಂದು ಕೇಳಿದರು. ನೀವೂ ಅದನ್ನೇ ಕೇಳಿ. ಕನ್ನಡಕ್ಕೂ ಈ ದಾರಿ ಇದೆ. ಧಾರವಾಡ, ಹುಬ್ಬಳ್ಳಿಯಲ್ಲಿದ್ದು ದುಡಿದ ಕಿಟೆಲ್ ಪಾದ್ರಿಗಳು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ನಿಘಂಟಿನಲ್ಲಿ ಜನರ ಬಾಯಿಮಾತು, ಗಾದೆಗಳನ್ನು ರಾಶಿರಾಶಿಯಾಗಿ ಹಿಡಿದಿಟ್ಟಿದ್ದಾರೆ. ಜಿ. ವೆಂಕಟಸುಬ್ಬಯ್ಯನವರು 'ಇಗೋ ಕನ್ನಡ' ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಇಂಥ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಅವೆರಡನ್ನೂ ಲೈಬ್ರರಿಯಲ್ಲಿ ಕೇಳಿ ಪಡೆಯಿರಿ.

ಇಂಗ್ಲಿಷರ ಬೀದಿಮಾತು ನಮ್ಮಿಂದಲೂ ಹೋಗಿದೆ, ನಮ್ಮಲ್ಲಿಗೂ ಬಂದಿದೆ. ನೀವು ಖಾನಾವಳಿಯ ಬೋರ್ಡಿನಲ್ಲಿ ಓದುವ 'ಟಿಫಿನ್' ಅವರ ಹಳೆಯ ಸ್ಲ್ಯಾಂಗ್. ಊಟದ ಹೊತ್ತಲ್ಲದ ಹೊತ್ತಿನಲ್ಲಿ ಒಂದಿಷ್ಟು ತಿನ್ನುವುದು, ಕುಡಿಯುವುದಕ್ಕೆ 'ಟಿಫಿಂಗ್' ಅನ್ನುತ್ತಿದ್ದರು, ಗ್ರೋಸ್‌ನ ನಿಘಂಟಿನಲ್ಲೇ ಇದೆ. ಇಂಗ್ಲೆಂಡಿನಲ್ಲಿ ಅದು ಸತ್ತಿತು. ಇಲ್ಲಿ ಮಂಡಕ್ಕಿ ಮಿರ್ಚಿಯ ಜೊತೆ ಗಟ್ಟಿಯಾಗಿ ಬದುಕಿದೆ. ತಲೆ ಕೆಟ್ಟವನಿಗೆ ಅವರು 'ಡೂಲಾಲಿ' ಅನ್ನುತ್ತಾರೆ. ಅದು ನಾಸಿಕದ ಹತ್ತಿರದ ದೇವಳಾಲಿ. ಸೇವೆ ಮುಗಿದ ಬ್ರಿಟಿಷ್ ಸಿಪಾಯಿಗಳು ಊರಿನ ಹಡಗಿಗಾಗಿ ಅಲ್ಲಿನ ದಂಡಿನಲ್ಲಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಬಿಸಿಲು, ಜ್ವರ, ಕೆಲಸವಿಲ್ಲದ ಹಗಲುಗಳು. ಪೂರ್ತಿ ಮಾತು 'ಡೂಲಾಲಿ ಟ್ಯಾಪ್'; ಆ ಟ್ಯಾಪ್ ಅಂದರೆ ನಮ್ಮ ತಾಪವೇ.

ಇಂಥ ಮಾತುಗಳನ್ನೆಲ್ಲ ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು 1886ರಲ್ಲಿ ಒಂದು ನಿಘಂಟಿನಲ್ಲಿ ಕೂಡಿಸಿದರು. ಅದರ ಹೆಸರು 'ಹಾಬ್ಸನ್ ಜಾಬ್ಸನ್'. ಹೆಸರೇ ಒಂದು ಸ್ಲ್ಯಾಂಗ್. ಮೊಹರಮ್ಮಿನಲ್ಲಿ ಎದೆ ಬಡಿದುಕೊಳ್ಳುತ್ತ 'ಯಾ ಹಸನ್, ಯಾ ಹುಸೇನ್' ಎಂದು ಕೂಗುವುದನ್ನು ಗೋರಾ ಸಿಪಾಯಿಗಳು ತಮ್ಮ ಕಿವಿಗೆ ಬಂದಂತೆ ತಿರುಚಿ, ದೇಸಿ ಜನರ ಗದ್ದಲದ ಹಬ್ಬಕ್ಕೆಲ್ಲ ಅದೇ ಹೆಸರಿಟ್ಟರು. ಮೊಹರಂ ನಮ್ಮ ಸೀಮೆಯಲ್ಲಿ ಏನು ಎಂಬುದು ನಿಮಗೆ ಗೊತ್ತು. ಎಷ್ಟೋ ಹಳ್ಳಿಗಳಲ್ಲಿ ಹಿಂದೂಗಳೂ ಪಂಜಾ ಹೊರುತ್ತಾರೆ, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ, ರಿವಾಯತ್ ಪದ ಹಾಡುತ್ತಾರೆ. ಕರ್ಬಲಾದ ದುಃಖ ಅದು, ಕೇಳಿದವರ ಗಂಟಲು ಕಟ್ಟುತ್ತದೆ. ಒಂದು ಸಮುದಾಯ ಸಾವನ್ನು ನೆನೆದು ಅಳುವ ಕೂಗು ಇನ್ನೊಬ್ಬರ ಬಾಯಿಯಲ್ಲಿ ತಮಾಷೆಯ ಹೆಸರಾಯಿತು. ಹುಟ್ಟು ಕೇಳದೆ ಮಾತು ಎತ್ತಿಕೊಂಡರೆ ಎಂಥ ಕೇಡಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಬೇಕಿಲ್ಲ.

ನೀವು ಆ ಕೇಡು ಮಾಡಬೇಡಿ, ಇದು ನನ್ನ ಕಳಕಳಿಯ ಮಾತು. ಆಫೀಸಿನಲ್ಲಿ ದಿನಾ ಕೇಳುವ 'ಡೆಡ್‌ಲೈನ್' 1864ರಲ್ಲಿ ಅಮೆರಿಕದ ಅಂತರ್ಯುದ್ಧದ ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ಎಳೆದಿದ್ದ ಗಡಿ. ಅದನ್ನು ದಾಟಿದ ಕೈದಿಗೆ ಕಾವಲಿನವನು ಗುಂಡು ಹಾರಿಸುತ್ತಿದ್ದ. ಈಗ ಅದರ ನೆತ್ತರು ಒಣಗಿದೆ, ಧಾರಾಳವಾಗಿ ಬಳಸಿ. ಆದರೆ ನಂಬಿಸಿ ಕೈಕೊಡುವುದಕ್ಕೆ ಬಳಸುವ 'ಸೋಲ್ಡ್ ಡೌನ್ ದ ರಿವರ್' ಅಷ್ಟು ಹಗುರಲ್ಲ. ಗುಲಾಮರನ್ನು ಹೆಂಡತಿ ಮಕ್ಕಳಿಂದ ಕಿತ್ತು ಮಿಸಿಸಿಪ್ಪಿ ನದಿಯ ಕೆಳಗಿನ ಹತ್ತಿ ತೋಟಗಳಿಗೆ ಮಾರುತ್ತಿದ್ದ ಕಾಲದ ಮಾತು ಅದು. ಕಪ್ಪು ಜನಾಂಗದ ಸಹೋದ್ಯೋಗಿಯೊಬ್ಬರು ಆ ಕಡೆ ಕುಳಿತಿದ್ದಾಗ, ರಜೆ ಮಂಜೂರಾಗಲಿಲ್ಲ ಅನ್ನುವುದಕ್ಕೆ ಅದನ್ನು ಬಳಸಬೇಡಿ. 'ಪರಯ' ಎಂಬ ನಮ್ಮ ನೆರೆನಾಡಿನ ಜಾತಿಯ ಹೆಸರು ಇಂಗ್ಲಿಷಿನಲ್ಲಿ 'ಪರಾಯಾ' ಆಗಿ, ಎಲ್ಲರೂ ದೂರ ಇಟ್ಟವನು ಎಂಬ ಅರ್ಥದಲ್ಲಿ ಇಂದಿಗೂ ಪತ್ರಿಕೆಗಳ ತಲೆಬರಹದಲ್ಲಿ ಬರುತ್ತದೆ. ಒಂದು ಜನಸಮುದಾಯದ ಹೆಸರನ್ನೇ ಬೈಗುಳ ಮಾಡಿಕೊಂಡ ಭಾಷೆಯನ್ನು ನಾವು ಯೋಚಿಸದೆ ಅನುಸರಿಸಬೇಕೆ? ಹೊರಗಿನವರನ್ನು ಹೇಳಿ ನಮ್ಮದನ್ನು ಬಿಡುವುದು ನ್ಯಾಯವಲ್ಲ. ಗೆಳೆಯರ ಗುಂಪಿನಲ್ಲಿ ನಗೆಗಾಗಿ ನೀವು ಎಸೆಯುವ ಎಷ್ಟು ಮಾತುಗಳಲ್ಲಿ ಜಾತಿಯ ಹೆಸರಿದೆ, ಎಷ್ಟರಲ್ಲಿ ಕುಂಟರು, ಕುರುಡರು, ಮೂಗರು ಇದ್ದಾರೆ, ಒಮ್ಮೆ ಎಣಿಸಿ ನೋಡಿ. ಆ ಜಾತಿಯ ಹುಡುಗ ನಿಮ್ಮ ಪಕ್ಕದಲ್ಲೇ ನಿಂತು ನಿಮ್ಮೊಡನೆ ನಗುತ್ತಿರುತ್ತಾನೆ. ಮನೆಗೆ ಹೋದ ಮೇಲೆ ಅವನು ನಗುವುದಿಲ್ಲ. ಅಂಥ ಮಾತನ್ನು ಇವತ್ತೇ ಬಿಡಿ.

ಇನ್ನು ಒಂದೆರಡು ವ್ಯವಹಾರದ ವಿಷಯ. 'ಡು ದ ನೀಡ್‌ಫುಲ್' ಎಂದು ಬರೆದದ್ದಕ್ಕೆ ಯಾರಾದರೂ ನಕ್ಕರೆ ಕುಗ್ಗಬೇಡಿ. ಅದು ಇಂಗ್ಲಿಷರೇ ಬರೆಯುತ್ತಿದ್ದ ಮಾತು, ಅವರಲ್ಲಿ ಬಳಕೆ ತಪ್ಪಿತು, ನಮ್ಮ ಕಚೇರಿಗಳಲ್ಲಿ ಉಳಿಯಿತು. 'ಪ್ರಿಪೋನ್' ಆಕ್ಸ್‌ಫರ್ಡ್ ನಿಘಂಟಿಗೇ ಸೇರಿದೆ. ಆದರೆ ಪರದೇಶದವರ ಜೊತೆ ಮಾತಾಡುವಾಗ 'ಕಾಲೇಜಿನಿಂದ ಪಾಸ್ ಔಟ್ ಆದೆ' ಅನ್ನಬೇಡಿ, ಅವರಿಗೆ ಅದು ಮೂರ್ಛೆ ಹೋದಂತೆ ಕೇಳಿಸುತ್ತದೆ. 'ಗ್ರಾಜುಯೇಟ್ ಆದೆ' ಅನ್ನಿ. ಇಂಟರ್‌ವ್ಯೂನಲ್ಲಿ ನುಡಿಗಟ್ಟುಗಳನ್ನು ಮದುವೆ ಮನೆಯ ತೋರಣದಂತೆ ಕಟ್ಟಬೇಡಿ. ಎದುರಿಗೆ ಕುಳಿತವರಿಗೆ ಬೇಕಾದದ್ದು ನಿಮ್ಮ ಕೆಲಸದ ಅರಿವು. ನೇರವಾದ, ಸಣ್ಣ ವಾಕ್ಯ ಸಾಕು. ಕೆಲಸಕ್ಕೆ ಸೇರಿ ಆ ಜನರೊಡನೆ ಊಟ ಮಾಡಿ, ಜಗಳವಾಡಿ, ರಾಜಿಯಾದ ಮೇಲೆ ಅವರ ನುಡಿಗಟ್ಟು ತಾನಾಗಿ ನಿಮ್ಮ ನಾಲಿಗೆಗೆ ಬರುತ್ತದೆ. ಆಗ ಬಂದದ್ದು ನಿಮ್ಮದು.

ಇಂಗ್ಲಿಷನ್ನು ಆಳಕ್ಕೆ ಕಲಿತರೆ ಕನ್ನಡ ದೂರವಾಗುತ್ತದೆ ಎಂದು ಯಾರಾದರೂ ಹೆದರಿಸಿದರೆ ಸವಣೂರಿನ ಕಡೆ ಕೈ ತೋರಿಸಿ. 1909ರಲ್ಲಿ ಅಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿ, ಬದುಕಿಡೀ ಇಂಗ್ಲಿಷ್ ಕಲಿಸಿದರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯನ್ನು ನಡೆಸಿದರು. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಸಿಗಬೇಕೆಂದು 1981ರಲ್ಲಿ ವರದಿ ಕೊಟ್ಟವರೂ ಅವರೇ. ಮರುವರ್ಷದ ಚಳವಳಿಗೆ ನಾಡೇ ಬೀದಿಗಿಳಿದದ್ದು ಆ ವರದಿಯ ಹೆಸರಿನಲ್ಲಿ. ಜ್ಞಾನಪೀಠ ಬಂದದ್ದು ಕನ್ನಡದ ಬರವಣಿಗೆಗೆ.

ನುಡಿಗಟ್ಟಿನ ಹಾಗೆ, ಪದ ಎಲ್ಲ ಗೊತ್ತಿದ್ದೂ ಅರ್ಥ ಸಿಗದ ಮಾತು ಹೇಗಿರುತ್ತದೆ ಎಂದು ನೋಡಬೇಕಾದರೆ ಆಯುಧಪೂಜೆಯ ದಿನ ದೇವರಗುಡ್ಡಕ್ಕೆ ಹೋಗಿ. ಗೊರವಯ್ಯ ಬಿಲ್ಲು ಏರುತ್ತಾನೆ, 'ಸದ್ದಲೇ' ಅನ್ನುತ್ತಾನೆ. ಸಾವಿರಾರು ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಒಂದು ಸಾಲಿನ ಭವಿಷ್ಯನುಡಿ, ಅದೇ ಕಾರಣಿಕ. ಅದರ ಪದಗಳು ಒಂದನೇ ತರಗತಿಯ ಮಗುವಿಗೂ ಗೊತ್ತಿರುವಂಥವು. ಆದರೆ ಗುಡ್ಡ ಇಳಿಯುವ ರೈತ ಅದರಲ್ಲಿ ಮಳೆ ಬೆಳೆ ಕಾಣುತ್ತಾನೆ, ವ್ಯಾಪಾರಿ ಧಾರಣಿ ಕಾಣುತ್ತಾನೆ, ರಾಜಕಾರಣಿ ಕುರ್ಚಿ ಕಾಣುತ್ತಾನೆ. ಹೊರಗಿನಿಂದ ಬಂದವನಿಗೆ ಪದಕ್ಕೆ ಪದ ಬಿಡಿಸಿ ಹೇಳಿದರೂ ಅದು ಕೈಗೆ ಹತ್ತುವುದಿಲ್ಲ. ನೀವು ಆ ಜನರ ನಡುವೆ ನಿಂತು ಕೇಳಿ ಬೆಳೆದವರು. ನುಡಿಗಟ್ಟಿನ ವಿಷಯದಲ್ಲಿ ನಿಮಗಿರುವ ಈ ಕಿವಿ ದೊಡ್ಡ ಆಸ್ತಿ.

ಅದನ್ನು ಒಂದು ಕೆಲಸಕ್ಕೆ ಹಚ್ಚಿ. ಬ್ಯಾಡಗಿಯಲ್ಲಿ ಈಗ ಇ-ಟೆಂಡರ್ ನಡೆಯುತ್ತದೆ, ಬೆಲೆ ಕಂಪ್ಯೂಟರಿನಲ್ಲಿ ಬೀಳುತ್ತದೆ. ರೈತನಿಗೆ ಅದರಿಂದ ಅನುಕೂಲವಿದೆ, ಬೇಡ ಅನ್ನಲಾರೆ. ಆದರೆ ಕೂಗಿ ಸವಾಲು ಮಾಡುತ್ತಿದ್ದ ಕಾಲದ ಮಾತುಗಳು ಹಳೆಯ ದಲಾಲರ, ಹಮಾಲರ ಬಾಯಲ್ಲಿ ಮಾತ್ರ ಉಳಿದಿವೆ, ಅವರಿಗೆ ವಯಸ್ಸಾಗಿದೆ. ಊರು ಬಿಡುವ ಮುಂಚೆ ಒಂದು ನೋಟ್‌ಬುಕ್ ಹಿಡಿದು ಪೇಟೆಗೆ ಹೋಗಿ. ದೊಡ್ಡಪ್ಪ, ಕಾಕಾ, ಮಾವ ಎಂದು ಕೂಗಿ ಮಾತಾಡಿಸಿ, ಚಹಾ ಹೇಳಿ, ಕೆಲಸದ ಹೊತ್ತಿನಲ್ಲಿ ಕಾಡಬೇಡಿ. ಒಂದು ಮಾತು ಸಿಕ್ಕರೆ ಅರ್ಥವನ್ನಷ್ಟೇ ಬರೆದು ಬರಬೇಡಿ. ಯಾವ ಊರಿನವರು ಹೇಳಿದರು, ಯಾವ ಕೆಲಸದಲ್ಲಿ, ಯಾರಿಗೆ ಹೇಳುತ್ತಿದ್ದರು, ಯಾರ ಮುಂದೆ ಹೇಳುತ್ತಿರಲಿಲ್ಲ, ಬರೆದ ತಾರೀಖು ಎಲ್ಲ ಇರಲಿ. ಅವರು ಒಪ್ಪಿದರೆ ಫೋನಿನಲ್ಲಿ ದನಿಯನ್ನೂ ಹಿಡಿಯಿರಿ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ನಮ್ಮದೇ ಜಾನಪದ ವಿಶ್ವವಿದ್ಯಾಲಯ ಇದೆ, ಕೂಡಿಸಿದ್ದನ್ನು ಅಲ್ಲಿನ ಮೇಷ್ಟರಿಗೆ ತೋರಿಸಿ. ದನದ ಸಂತೆಯ ಅಂಕಿಗಳಿಂದಲೇ ಶುರು ಮಾಡಿ. ಒಂದರಿಂದ ಹತ್ತರವರೆಗೆ ಅವರು ಏನೇನು ಅನ್ನುತ್ತಾರೆ, ಟವೆಲಿನ ಕೆಳಗೆ ಐದನ್ನು ಹೇಗೆ ಹಿಡಿಯುತ್ತಾರೆ, ಐದುನೂರನ್ನು ಹೇಗೆ ಹಿಡಿಯುತ್ತಾರೆ, ಕೇಳಿ. ಮೊದಲ ದಿನ ಹೇಳುವುದಿಲ್ಲ, ಅದು ಅವರ ಅನ್ನದ ಮಾತು. ಮುಂದಿನ ಸಂತೆಗೂ ಹೋಗಿ.